ಎಕ್ಸ್‌ರೇ ಶೀಟಲ್ಲಿ ವಿಮಾನ, ನೋಡೋರೇ ಪ್ಯಾಸೆಂಜರ್: ನನ್ನ ಅನುಭವ

ದೀಪ ಪರದೆ ಹಿಂದೆ ಇರ್ಬೇಕು ಕಣೋ, ಜನರ ಬೆನ್ನ ಹಿಂದೆ ಇಟ್ರೆ ಅವರ ತಲೆ ನೆರಳೇ ಬೀಳುತ್ತೆ ಅಂತ ನೆರಳಾಟ ಆಡ್ಸೋ ಸ್ನೇಹಿತರೆಲ್ಲ ನಕ್ಕಿದ್ರು. ನಂಗೆ ಬೇಕಾಗಿದ್ದೇ ಆ ತಲೆ ನೆರಳು, ಪರದೆ ಮೇಲಿನ ವಿಮಾನದ ಸೀಟಲ್ಲಿ ನೋಡೋರ ನೆರಳೇ ಪ್ಯಾಸೆಂಜರ್ ಥರ ಕೂರ್ಬೇಕಿತ್ತು. ಈಗ ಹಾಸನ, ಆಲೂರು, ಸಕಲೇಶಪುರ, ಬೇಲೂರು ಕಡೆ ಎಲ್ಲ ಆಡ್ಸಿ ಬಂದಿದೀನಿ, ಅವತ್ತು ನಕ್ಕೋರೇ ಫೋನ್ ಮಾಡಿ ಲ್ಯಾಂಪ್ ಎಷ್ಟು ಎತ್ತರಕ್ಕೆ ಕಟ್ತೀಯ ಅಂತ ಕೇಳ್ತಾರೆ. ಅದೊಂದು ಹೇಳಲ್ಲ, ಬಾಕಿದೆಲ್ಲ ಬರೀತೀನಿ.

ಆಟದ ವಿಷ್ಯ ಏನಂದ್ರೆ, ಯುರೋಪಲ್ಲಿ ಆಶ್ರಯ ಕೇಳಿ ಅರ್ಜಿ ತಿರಸ್ಕಾರ ಆದೋರನ್ನ ಬಲವಂತವಾಗಿ ವಿಮಾನ ಹತ್ತಿಸಿ ವಾಪಸ್ ಕಳ್ಸೋದು. 1999ರ ಮೇ ತಿಂಗಳೊಂದರಲ್ಲೇ ಇಬ್ರು ಹಿಂಗೆ ಸತ್ರು. ಮೇ 1ಕ್ಕೆ ಆಸ್ಟ್ರಿಯಾದ ವಿಯೆನ್ನಾದಿಂದ ಬಲ್ಗೇರಿಯಾದ ಸೋಫಿಯಾಗೆ ಹೋಗ್ತಿದ್ದ ವಿಮಾನದಲ್ಲಿ ನೈಜೀರಿಯಾದ ಮಾರ್ಕಸ್ ಒಮೊಫುಮಾ, ಬಾಯಿಗೆ ಟೇಪ್ ಸುತ್ತಿದ್ರು ಪೊಲೀಸ್ನೋರು. ಮೇ 28ಕ್ಕೆ ಜರ್ಮನಿಯ ಫ್ರಾಂಕ್‌ಫರ್ಟಿಂದ ಹೊರಟ ಸುಡಾನಿನ ಆಮಿರ್ ಅಗೀಬ್, ಕೈಕಾಲು ಕಟ್ಟಿ, ತಲೆಗೆ ಬೈಕ್ ಹೆಲ್ಮೆಟ್ ಹಾಕಿ, ತಲೆ ಬಗ್ಗಿಸಿ ಅದುಮಿ ಹಿಡ್ದಿದ್ರು. ಒಮೊಫುಮಾ ಕೇಸಲ್ಲಿ 3 ಜನ ಪೊಲೀಸರಿಗೆ 2002ರಲ್ಲಿ 8 ತಿಂಗಳ ಶಿಕ್ಷೆ ಆಯ್ತು, ಅದೂ ಅಮಾನತಲ್ಲಿಟ್ಟ ಶಿಕ್ಷೆ, ಜೈಲಿಗೇನೂ ಹೋಗ್ಲಿಲ್ಲ.

ಇದನ್ನ ಹಾಸನದಲ್ಲಿ ಯಾರು ನೋಡ್ತಾರಪ್ಪ, ರಸ್ತೆ ಗುಂಡಿ ಮೇಲೆ ಏನಾದ್ರೂ ಮಾಡು ಅಂದ್ರು ಅದೇ ಸ್ನೇಹಿತರು. ಮೊದಲ ಸಲ ಸಂತೆಪೇಟೆ ಹತ್ರ ಮಾಮೂಲಿ ಥರ ಪರದೆ ಹಿಂದಿಂದ ಆಡ್ಸಿದಾಗ ಅವರು ಹೇಳಿದ್ದೇ ಆಯ್ತು, ಜನ ಎರಡು ನಿಮಿಷ ನಿಂತು ಹೋಗ್ತಿದ್ರು, ತಟ್ಟೆಗೆ ಬಿದ್ದಿದ್ದು ನೂರೈವತ್ತು ರೂಪಾಯಿನೂ ಇರ್ಲಿಲ್ಲ.

ಸಾಮಾನಿಗೆ ಬರ್ತೀನಿ. ಚರ್ಮ ಹದ ಮಾಡೋ ತಾಳ್ಮೆ ನಂಗಿಲ್ಲ, ಕಪ್ಪು ಡ್ರಾಯಿಂಗ್ ಶೀಟು ಮಲೆನಾಡ ಥಂಡಿಗೆ ಮುದುರ್ಕೊಳ್ತು. ಅದಕ್ಕೆ ಗುಜರಿ ಅಂಗಡಿಯಿಂದ ಹಳೇ ಎಕ್ಸ್‌ರೇ ಫಿಲ್ಮ್ ತಂದೆ. ಸಾಬ್ರು ಪುಕ್ಕಟೆ ಕೊಡಲ್ಲ, ಅದರಿಂದ ಬೆಳ್ಳಿ ತೆಗೆಯೋರು ತಗೊಂಡು ಹೋಗ್ತಾರೆ, ಕೆಜಿಗೆ 250, 300 ಹೇಳಿದ್ರು. ಎದೆ ಫೋಟೋ ತೆಗೆಯೋ ದೊಡ್ಡದು, 14 ಇಂಚು ಅಗಲ 17 ಇಂಚು ಉದ್ದದ್ದೇ ಆರಿಸ್ಕೊಳ್ಳಿ. ಮೂಲೇಲಿ ಪೇಷೆಂಟ್ ಹೆಸರಿರುತ್ತೆ, ಅದನ್ನ ಮೊದಲು ಕತ್ತರಿಸಿ ಸುಡಿ. ಕಪ್ಪು ಜಾಗದ ಮೇಲೆ ಬ್ಲೀಚಲ್ಲಿ ಬ್ರಷ್ ಅದ್ದಿ ಬರೆದ್ರೆ ಮೇಲಿನ ಪದರ ಕರಗಿ ನೀಲಿ ಗೆರೆ ಬರುತ್ತೆ, ಕಿಟಕಿ, ಸೀಟು, ಲಗೇಜ್ ಡಬ್ಬ ಎಲ್ಲ ಹಂಗೇ ಬರೆದಿದ್ದು. ಬ್ಲೀಚ್ ಹರಡದ ಹಂಗೆ ಅದಕ್ಕೊಂದು ಅಡುಗೆಮನೆ ಸಾಮಾನು ಬೆರೆಸ್ತೀನಿ, ಯಾವುದು ಅಂತ ಹೇಳಲ್ಲ, ಆದ್ರೆ ವಿನಿಗರ್, ನಿಂಬೆಹುಳಿ ಥರ ಹುಳಿ ಯಾವುದನ್ನೂ ಬೆರೆಸ್ಬೇಡಿ, ವಿಷದ ಗಾಳಿ ಬರುತ್ತೆ. ಈಗ ಬರೋ ಡ್ರೈ ಫಿಲ್ಮ್, ಅಂದ್ರೆ ಬಿಸಿಯಲ್ಲಿ ಪ್ರಿಂಟ್ ಮಾಡೋದು, ಈ ಕೆಲಸಕ್ಕೆ ಬರಲ್ಲ, ಬ್ಲೀಚಿಗೆ ಬಗ್ಗಲ್ಲ, ಹ್ಯಾಲೊಜೆನ್ ಬಲ್ಬ್ ಹತ್ರ ಹಿಡಿದ್ರೆ ಬಿಸಿಗೆ ಇಡೀ ವಿಮಾನ ಮಸಿ ಆಗ್ಬಿಡುತ್ತೆ. ಆಲೂರಲ್ಲಿ ಅರ್ಧ ಆಟದಲ್ಲಿ ಹಂಗೇ ಆಯ್ತು.

ದೀಪಕ್ಕೆ ಸುರಿದ ದುಡ್ಡು ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಬೈಕ್ ಹೆಡ್‌ಲೈಟು, ಬ್ಯಾಟರಿ ಬಾಡಿಗೆ, ಆಮೇಲೆ ಮದುವೆ ಫೋಟೋದವ್ರ ಎಲ್‌ಇಡಿ ಪ್ಯಾನೆಲ್, ಒಟ್ಟು ಹತ್ತು ಹನ್ನೊಂದು ಸಾವಿರ ಹೋಯ್ತು. ಒಂದು ಸಂಘದವ್ರು ಅರ್ಧ ಕೊಡ್ತೀವಿ ಅಂದಿದ್ರು, ಆಮೇಲೆ ಫೋನೇ ಎತ್ಲಿಲ್ಲ. ಪ್ಯಾನೆಲಲ್ಲಿ ನೂರಾರು ಚುಕ್ಕಿ ದೀಪ ಇರೋದ್ರಿಂದ ಒಂದೊಂದು ಸೀಟಿಗೂ ನೂರಾರು ನೆರಳು, ಎಲ್ಲಾ ಕಲಸಿಹೋಗುತ್ತೆ. ಕೊನೆಗೆ ಕೆಲಸಕ್ಕೆ ಬಂದಿದ್ದು ಕಟ್ಟಿನಕೆರೆ ಮಾರ್ಕೆಟ್ ಹತ್ರ ತಗೊಂಡ ನಾನೂರು ಚಿಲ್ಲರೆಯ ಒಂದೇ ಎಲ್‌ಇಡಿ ಚಿಪ್ ಇರೋ ಟಾರ್ಚು, ಗಾಜು ಬಿಚ್ಚಿ, ರಿಫ್ಲೆಕ್ಟರ್ ಕಿತ್ತು ಬರೀ ಚಿಪ್ ಉಳಿಸ್ಕೊಂಡೆ. ಅದರಿಂದ ಸುಮಾರು 2 ಅಡಿಗೆ ಫಿಲ್ಮು, 16, 18 ಅಡಿಗೆ ಪರದೆ, ಅಂದ್ರೆ ಎರಡು ಪಂಚೆ ಸೇರಿಸಿ ಹೊಲಿದಿದ್ದು. ಫಿಲ್ಮ್ ಹೆಚ್ಚುಕಮ್ಮಿ ಎಂಟರಷ್ಟು ದೊಡ್ಡದಾಗಿ ಕಾಣುತ್ತೆ. ಮಧ್ಯದಲ್ಲಿ ಜಮಖಾನ ಹಾಸಿ ಜನರನ್ನ ಕೂರ್ಸೋದು, ಅವರ ತಲೆ ಸರಿಯಾಗಿ ಸೀಟಿನ ಮೇಲಕ್ಕೆ ಬರುತ್ತೆ. ಈಗ ಇಡೀ ಸೆಟ್ಟು ಎರಡೂವರೆ ಸಾವಿರದೊಳಗೆ ಮುಗಿಯುತ್ತೆ.

ಆಟ ಸುಲಭ. ಸ್ಪೀಕರಲ್ಲಿ ಎಂಜಿನ್ ಸದ್ದು, ಕೊನೇ ಸೀಟಿಗೆ ಕೈ ಕಟ್ಟಿದ ಮನುಷ್ಯನ ನೆರಳನ್ನ ತಂದು ಕೂರಿಸ್ತೀನಿ, ಹೆಲ್ಮೆಟ್ ನೆರಳು ಮೇಲಿಂದ ಇಳಿಯುತ್ತೆ. ಹೆಲ್ಮೆಟ್ ಬಂದ ತಕ್ಷಣ ಹುಡುಗ್ರು ಮೊದಲು ನಗ್ತಾರೆ, ವಿಮಾನದಲ್ಲಿ ಯಾಕಣ್ಣ ಹೆಲ್ಮೆಟ್ಟು ಅಂತಾರೆ, ಆಗ ಆಮಿರ್ ಅಗೀಬ್ ಕಥೆ ಹೇಳ್ತೀನಿ. ಆಮೇಲೆ 2018ರ ಜುಲೈನಲ್ಲಿ ಸ್ವೀಡನ್ನಿನ ಗೊಥೆನ್‌ಬರ್ಗಲ್ಲಿ ಎಲಿನ್ ಎರ್ಸನ್ ಅನ್ನೋ ಹುಡುಗಿ ಮಾಡಿದ್ದು ಹೇಳ್ತೀನಿ, ಅಫ್ಘಾನಿಸ್ತಾನದವನೊಬ್ಬನನ್ನ ವಾಪಸ್ ಕಳಿಸ್ತಿದಾರೆ ಅಂತ ವಿಮಾನದಲ್ಲಿ ಕೂರದೆ ನಿಂತೇಬಿಟ್ಲು, ಫೋನಲ್ಲಿ ಲೈವ್ ಬೇರೆ. ಎಲ್ಲಾ ಕೂರೋವರ್ಗೂ ಪೈಲಟ್ ಹೊರಡೋ ಹಂಗಿಲ್ಲ. ಅವತ್ತು ಆ ಮನುಷ್ಯನ್ನ ಇಳಿಸಿದ್ರು, ಅವಳಿಗೆ ಮುಂದಿನ ವರ್ಷ 3,000 ಕ್ರೋನರ್ ದಂಡ ಬಿತ್ತು. ಇಷ್ಟು ಹೇಳಿ ಎಂಜಿನ್ ಸದ್ದು ಜೋರು ಮಾಡ್ತೀನಿ, ಎದ್ದು ನಿಲ್ಲಿ ಅಂತ ಮಾತ್ರ ಯಾವತ್ತೂ ಹೇಳಲ್ಲ. ಶುರುವಿನ ಆಟಗಳಲ್ಲಿ ಯಾರೂ ಏಳ್ಲಿಲ್ಲ, ಫ್ರೇಮ್ ಬಗ್ಗಿಸಿ ವಿಮಾನ ಹಾರಿಸಿಬಿಡ್ತಿದ್ದೆ. ಬೇಲೂರು ಕಡೆ ಒಂದು ಹಳ್ಳೀಲಿ ಎಲೆಅಡಿಕೆ ಹಾಕ್ಕೊಂಡಿದ್ದ ಅಜ್ಜಿಯೊಬ್ಬರು ಸೊಂಟ ಹಿಡ್ಕೊಂಡು ಎದ್ರು ನೋಡಿ, ಪರದೆ ಮೇಲೆ ಸೀಟುಗಳ ಮಧ್ಯೆ ಸೆರಗಿನ ಸಮೇತ ಅಷ್ಟೆತ್ತರ ನೆರಳು. "ಹೋಗಾಕೆ ಬುಡಬ್ಯಾಡ ಕಣಪ್ಪ" ಅಂದ್ರು. ಹಿಂದೇನೇ ಹುಡುಗ್ರೆಲ್ಲ ಎದ್ರು, ಪರದೆ ಪೂರ್ತಿ ಕಪ್ಪು. ನಾನು ಎಂಜಿನ್ ಆಫ್ ಮಾಡಿದೆ. ಅಲ್ಲಿಂದ ಆಟ ಫೇಲ್ ಆಗಿದ್ದು ಕಮ್ಮಿ, ತಟ್ಟೆಗೂ ಸಾವಿರದೈನೂರು ಎರಡು ಸಾವಿರ ಬೀಳ್ತದೆ.

ನಡುವೆ ಬೇರೆ ಹುಚ್ಚಾಟನೂ ಮಾಡಿದೀನಿ. ಒಮೊಫುಮಾ ನೆನಪಿಗೆ ಉಲ್ರಿಕೆ ಟ್ರೂಗರ್ ಅನ್ನೋ ಶಿಲ್ಪಿ ಸುಮಾರು 3 ಮೀಟರ್ ಎತ್ತರ, 5 ಟನ್ ತೂಕದ ಗ್ರಾನೈಟ್ ಕಲ್ಲನ್ನ 2003ರಲ್ಲಿ ವಿಯೆನ್ನಾದ ಒಪೆರಾ ಹತ್ರ ಪರ್ಮಿಷನ್ ಇಲ್ದೆ ತಂದು ನಿಲ್ಲಿಸಿದ್ರು, ಗಟ್ಟಿಗಿತ್ತಿ. ಹಳೇಬೀಡಲ್ಲಿ ಕೆತ್ತೋ ಗೆಳೆಯನ ಹತ್ರ ಬಳಪದ ಕಲ್ಲಲ್ಲಿ ಅಂಥದ್ದೊಂದು ಗೇಣುದ್ದ ಮಾಡಿಸಿದೆ, ಸಾವಿರದೆಂಟುನೂರು ತಗೊಂಡ. ಬೆಳಕಿಗೆ ಹಿಡಿದ್ರೆ ಬರೀ ಕಪ್ಪು ಗುಡ್ಡೆ, ಈಗ ಜಮಖಾನದ ಮೂಲೆಗೆ ಭಾರ ಇಡೋಕೆ ಬರುತ್ತೆ. ಅಂಗೈ ಮಣಿಕಟ್ಟಿನ ಎಕ್ಸ್‌ರೇ ಇದ್ದಿದ್ದು ಚೆನ್ನಾಗಿ ಕೂತ್ಕೊಳ್ತು, ಯಾಕಂದ್ರೆ ಒಂಟಿಯಾಗಿ ಬಂದ ಮಕ್ಕಳು ಹದಿನೆಂಟು ದಾಟಿದಾರಾ ಅಂತ ಯುರೋಪಿನ ಎಷ್ಟೋ ದೇಶದಲ್ಲಿ ಮಣಿಕಟ್ಟಿನ ಮೂಳೆ ಎಕ್ಸ್‌ರೇನೂ ನೋಡಿ ಅಂದಾಜು ಮಾಡ್ತಾರೆ. ಆ ಶೀಟಿಗೆ ಬ್ಲೀಚ್ ಮುಟ್ಟಿಸ್ಲಿಲ್ಲ, ಹಂಗೇ ತೋರಿಸ್ತೀನಿ.

ಸಕಲೇಶಪುರದ ಎಸ್ಟೇಟ್ ಲೈನ್ ಮನೆ ಹತ್ರ ಆಡ್ಸಿದಾಗ ಅಸ್ಸಾಮಿನ ಕೆಲಸದೋರೂ ಕೂತಿದ್ರು. ಆಟ ಮುಗಿದ್ಮೇಲೆ ನಮ್ಮೋರೇ ಒಬ್ರು, ನಮ್ಮ ದೇಶದಲ್ಲೂ ಹಿಂಗೆ ಕಳಿಸ್ತಾರಾ ಅಂದ್ರು. ನಿರಾಶ್ರಿತರ 1951ರ ಒಪ್ಪಂದಕ್ಕೆ ಭಾರತ ಸಹಿನೇ ಹಾಕಿಲ್ಲ, 2018ರ ಅಕ್ಟೋಬರಲ್ಲಿ ಅಸ್ಸಾಮಲ್ಲಿದ್ದ 7 ಜನ ರೋಹಿಂಗ್ಯಾಗಳನ್ನ ಮ್ಯಾನ್ಮಾರಿಗೆ ಕಳಿಸಿದ್ರು, ಸುಪ್ರೀಂ ಕೋರ್ಟು ತಡೆಯಲ್ಲ ಅಂತು ಅಂದೆ. ಎಸ್ಟೇಟಿನ ಕೆಲಸ ನೋಡ್ಕೊಳ್ಳೋ ರೈಟರ್ ಒಬ್ರಿಗೆ ಸಿಟ್ಟು ಬಂತು, ಯುರೋಪಿಂದು ಹೇಳೋ ಹಂಗಿದ್ರೆ ಬಾ ಅಂದ್ರು. ಆ ಎಸ್ಟೇಟಿಗೆ ಮತ್ತೆ ಕರೆದಿಲ್ಲ. ಆದ್ರೂ ಆ ಮಾತನ್ನ ಈಗ ಆಟದೊಳಗೇ ಸೇರಿಸ್ಕೊಂಡಿದೀನಿ.

ಮಾಡೋರು ಮಳೆಗಾಲದಲ್ಲಿ ಮಾತ್ರ ಇದಕ್ಕೆ ಕೈ ಹಾಕ್ಬೇಡಿ. ಮೊದಲ ಮಳೆ ಆದ ರಾತ್ರಿ ರೆಕ್ಕೆ ಹುಳ ಟಾರ್ಚಿಗೆ ಮುತ್ಕೊಳ್ತವೆ, ದೀಪದ ಹತ್ರ ಕೂತ ಒಂದು ಹುಳ ಪರದೆ ಮೇಲೆ ಎಮ್ಮೆಯಷ್ಟು ಕಾಣುತ್ತೆ, ಮಕ್ಕಳು ವಿಮಾನ ಬಿಟ್ಟು ಅದನ್ನೇ ನೋಡಿ ಕಿರುಚ್ತವೆ. ಸೊಳ್ಳೆಪರದೆ ತುಂಡು ಸುತ್ತಿ ನೋಡಿದೆ, ಅದರ ಬಲೆ ನೆರಳೇ ಪರದೆ ತುಂಬ ಬಿತ್ತು. ಕಾರ್ತಿಕ ಕಳೆದ್ಮೇಲೆ ಶುರು ಮಾಡಿ.