ಒಂಟಿ ಕ್ಲೌನ್ ಮೀನಿಗೆ ಹೊಸ ಜೊತೆ: ನಾನು ಪಾಲಿಸುವ ಕ್ರಮ

ಒಂದು ಕ್ಲೌನ್ ಮೀನು (ಪಟ್ಟೆಗಳಿರುವ ಚಿಕ್ಕ ಸಮುದ್ರ ಮೀನು) ಬೇರೂರಿರುವ ಟ್ಯಾಂಕಿಗೆ ಎರಡನೆಯದನ್ನು ತರುವಾಗ ನಾನು ಮೊದಲು ನೋಡುವುದು ಗಾತ್ರ. ಬಣ್ಣ, ಪಟ್ಟೆಗಳೆಲ್ಲ ಆಮೇಲೆ. ಈ ಮೀನುಗಳಲ್ಲಿ ಮರಿಯಾಗಿದ್ದಾಗ ಯಾವುದೂ ಹೆಣ್ಣಲ್ಲ. ಮೇಲುಗೈ ಸಾಧಿಸಿದ್ದು ಹೆಣ್ಣಾಗುತ್ತದೆ, ಅದಕ್ಕೆ ತಗ್ಗಿ ನಡೆದದ್ದು ಗಂಡಾಗುತ್ತದೆ. ಒಮ್ಮೆ ಹೆಣ್ಣಾದದ್ದು ಮತ್ತೆ ಗಂಡಾಗುವುದಿಲ್ಲ. ವರ್ಷಗಟ್ಟಲೆ ಒಂಟಿಯಾಗಿದ್ದ ಮೀನನ್ನು ನಾನು ಹೆಣ್ಣೆಂದೇ ಲೆಕ್ಕ ಹಿಡಿಯುತ್ತೇನೆ. ಅದರೆದುರು ಅಷ್ಟೇ ದೊಡ್ಡ ಇನ್ನೊಂದು ಹೆಣ್ಣು ಬಂದರೆ ಎರಡೂ ಸೋಲೊಪ್ಪುವುದಿಲ್ಲ, ಒಂದು ಸಾಯುವವರೆಗೂ ಕಾದಾಡಬಹುದು. ಆದ್ದರಿಂದ 7 ಸೆಂ.ಮೀ. ಮೀನಿಗೆ 3 ಸೆಂ.ಮೀ. ಮರಿಯನ್ನೇ ತರುತ್ತೇನೆ, ಅದೂ ಅದೇ ಜಾತಿಯದು. ಅಂಗಡಿಯ ಗುಂಪಿನಲ್ಲಿ ಉಳಿದವುಗಳಿಗೆ ದಾರಿ ಬಿಟ್ಟುಕೊಡುವ, ಆದರೆ ಚೆನ್ನಾಗಿ ತಿನ್ನುವ ಚಿಕ್ಕದನ್ನು ಆರಿಸುತ್ತೇನೆ. ಈ ಕ್ರಮ ಆಸೆಲ್ಲಾರಿಸ್, ಪರ್ಕ್ಯುಲಾ ಎಂಬ ಕ್ಲೌನ್ ಜಾತಿಗಳಿಗೆ ಒಗ್ಗುತ್ತದೆ. ಮರೂನ್ ಕ್ಲೌನ್ ಬಹಳ ಉಗ್ರ, ಅದರ ವಿಷಯದಲ್ಲಿ ಇಷ್ಟು ಧೈರ್ಯ ಮಾಡುವುದಿಲ್ಲ.

ಹೊಸ ಮೀನು ನೇರವಾಗಿ ಮುಖ್ಯ ಟ್ಯಾಂಕಿಗೆ ಹೋಗುವುದಿಲ್ಲ. ಸುಮಾರು 40 ಲೀಟರಿನ ಕ್ವಾರಂಟೈನ್ ಟ್ಯಾಂಕಿನಲ್ಲಿ ಕನಿಷ್ಠ 4 ವಾರ ಇರುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಬೆಳೆದ ಸ್ಪಾಂಜ್ ಫಿಲ್ಟರ್, ಹೀಟರ್, ಅಡಗಲು ಪಿವಿಸಿ ಪೈಪಿನ ತುಂಡು ಇದ್ದರೆ ಸಾಕು. ಚೀಲ ತೆರೆಯುವ ಮೊದಲೇ ಈ ಟ್ಯಾಂಕಿನ ಉಪ್ಪಿನಂಶವನ್ನು ಅಂಗಡಿಯ ನೀರಿಗೆ ಹೊಂದಿಸಿಡುತ್ತೇನೆ. ದೂರದಿಂದ ಬಂದ ಚೀಲವನ್ನು ಬಿಚ್ಚಿ ಮೀನನ್ನು ಒಗ್ಗಿಸಲೆಂದು ಗಂಟೆಗಟ್ಟಲೆ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಬಿಡುವುದು ತಪ್ಪು. ಚೀಲ ತೆರೆದೊಡನೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ಏರುತ್ತದೆ, ಮೀನಿನ ತ್ಯಾಜ್ಯದಿಂದ ನೀರಿಗೆ ಸೇರಿ ಅಷ್ಟು ಹೊತ್ತು ನಿರುಪದ್ರವಿಯಾಗಿದ್ದ ಅಮೋನಿಯಂ ವಿಷಕಾರಿ ಅಮೋನಿಯಾ ಆಗುತ್ತದೆ. 15–20 ನಿಮಿಷ ಚೀಲವನ್ನು ತೇಲಿಬಿಟ್ಟು ಉಷ್ಣತೆ ಸಮವಾದ ಮೇಲೆ ಮೀನನ್ನು ಮಾತ್ರ ದಾಟಿಸುತ್ತೇನೆ, ಚೀಲದ ನೀರು ಚರಂಡಿಗೆ.

ಈ ನಾಲ್ಕು ವಾರ ನನ್ನ ಕಣ್ಣಿರುವುದು ಬ್ರೂಕ್ಲಿನೆಲ್ಲಾ ಎಂಬ ಪರಾವಲಂಬಿ ಸೂಕ್ಷ್ಮಜೀವಿ ತರುವ ರೋಗದ ಮೇಲೆ. ಮೈಮೇಲೆ ಬೆಳ್ಳಗೆ ಲೋಳೆ ಕಟ್ಟಿ ಪದರವಾಗಿ ಕಳಚುತ್ತದೆ, ಉಸಿರಾಟ ಜೋರಾಗುತ್ತದೆ, ಮೇವು ಬಿಡುತ್ತದೆ. ಕೆಲವೇ ದಿನಗಳಲ್ಲಿ ಮೀನು ಸಾಯುತ್ತದೆ. ಇದಕ್ಕೆ ತಾಮ್ರದ ಔಷಧಿ ನಾಟುವುದಿಲ್ಲ, ಫಾರ್ಮಲಿನ್ (ಫಾರ್ಮಾಲ್ಡಿಹೈಡ್ ದ್ರಾವಣ) ಬೇಕು. ಬಾಟಲಿಯ ಮೇಲಿರುವ ಪ್ರಮಾಣ ಮೀರದೆ, ಕೈಗವಸು ಹಾಕಿ ಬಳಸಬೇಕು. ಫಾರ್ಮಲಿನ್ ನೀರಿನ ಆಮ್ಲಜನಕವನ್ನು ತಗ್ಗಿಸುವುದರಿಂದ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಜೋರಾಗಿ ಓಡುತ್ತಿರಬೇಕು.

ಕೊನೆಯ ವಾರದಲ್ಲಿ ಎರಡೂ ಟ್ಯಾಂಕುಗಳ ನೀರನ್ನು 1.025 ಸಾಂದ್ರತೆ (ಉಪ್ಪಿನಂಶದ ಅಳತೆ), 25–26 ಡಿಗ್ರಿ ಸೆಲ್ಸಿಯಸ್‌ಗೆ ತಂದು, ಕ್ವಾರಂಟೈನ್ ಮುಗಿದ ಮೇಲೆ ಮರಿಯನ್ನು ಮುಖ್ಯ ಟ್ಯಾಂಕಿನೊಳಗೇ ತೂಗುಹಾಕಿದ ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆಗೆ ಬಿಡುತ್ತೇನೆ. ನೀರು ಹರಿಯಲು ತೂತುಗಳಿರಬೇಕು, ಮೇಲೆ ಮುಚ್ಚಳವಿರಬೇಕು. ಪೆಟ್ಟಿಗೆಯನ್ನು ಹಳೆಯ ಮೀನು ಆಸರೆ ಪಡೆದ ಅನಿಮೋನ್ ಎಂಬ ಹೂವಿನಂಥ ಕಡಲಜೀವಿಗೆ ಅಂಟಿಸಿದಂತೆ ಇಡುವುದಿಲ್ಲ. ಅದು ಅವಳ ಮನೆ, ಅಲ್ಲಿ ಸಿಟ್ಟು ದುಪ್ಪಟ್ಟು. ಕಣ್ಣಿಗೆ ಬೀಳುವಷ್ಟು ದೂರದಲ್ಲಿ ಸಾಕು. ಮೇವನ್ನು ಎರಡಕ್ಕೂ ಒಂದೇ ಹೊತ್ತಿಗೆ, ಪೆಟ್ಟಿಗೆಯ ಬಳಿಯೇ ಹಾಕುತ್ತೇನೆ.

ಮೊದಲ ದಿನ ಹಳೆಯದು ಪೆಟ್ಟಿಗೆಗೆ ಡಿಕ್ಕಿ ಹೊಡೆಯುವುದು ಸಹಜ. ನಾನು ಕಾಯುವುದು ಮರಿಯ ಉತ್ತರಕ್ಕೆ. ದೊಡ್ಡದು ಹತ್ತಿರ ಬಂದಾಗ ಮರಿ ಓರೆಯಾಗಿ ಬಾಗಿ, ತಲೆಯಿಂದ ಬಾಲದವರೆಗೆ ಚಳಿ ಹಿಡಿದಂತೆ ಸರಸರನೆ ನಡುಗುತ್ತದೆ. ನೋಡುವವರಿಗೆ ರೋಗ ಬಂದಂತೆ ಕಾಣುತ್ತದೆ, ಆದರೆ ಅದು ಶರಣಾಗತಿ. ಮರಿ ಹೀಗೆ ನಡುಗಿ, ದೊಡ್ಡದು ಡಿಕ್ಕಿ ಬಿಟ್ಟು ಸುಮ್ಮನೆ ಈಜತೊಡಗಿದ ಮೇಲೆ ಇನ್ನೂ ಎರಡು ದಿನ ಕಾಯುತ್ತೇನೆ. ಸಾಮಾನ್ಯವಾಗಿ ಇಷ್ಟಾಗಲು 5ರಿಂದ 10 ದಿನ ಬೇಕು. ಇಲ್ಲಿ ಆತುರಪಟ್ಟರೆ ಕೆಟ್ಟಿತು.

ಬಿಡುವುದು ಸಂಜೆ, ದೀಪ ಆರಿಸಿ, ಹಳೆಯದಕ್ಕೆ ಹೊಟ್ಟೆ ತುಂಬ ಮೇವು ಹಾಕಿ. ಟ್ಯಾಂಕಿನ ಮೇಲೆ ಜಾಲರಿ ಇರಲೇಬೇಕು, ಅಟ್ಟಿಸಿಕೊಂಡ ಮರಿ ಹೊರಗೆ ಹಾರಿಬಿಡುತ್ತದೆ. ಸ್ವಲ್ಪ ಅಟ್ಟುವುದು, ರೆಕ್ಕೆಯ ಅಂಚಿಗೆ ಒಮ್ಮೆ ಕಚ್ಚುವುದು ನಡೆದೇ ನಡೆಯುತ್ತದೆ, ನಡುಗುವ ಮರಿಯನ್ನು ದೊಡ್ಡದು ಬಿಟ್ಟುಬಿಡುತ್ತದೆ. ಆದರೆ ಬಾಯಿಗೆ ಬಾಯಿ ಕಚ್ಚಿ ಹಿಡಿದರೆ, ರೆಕ್ಕೆ ಬುಡದವರೆಗೆ ಹರಿದರೆ, ಅಥವಾ ಮರಿ ಮೇಲಿನ ಮೂಲೆಗೆ ಅಂಟಿಕೊಂಡು ಮೇವಿಗೂ ಇಳಿಯದಿದ್ದರೆ ಆ ಕ್ಷಣವೇ ಬೇರ್ಪಡಿಸುತ್ತೇನೆ.

ಆಗ ಪೆಟ್ಟಿಗೆಗೆ ಹಾಕುವುದು ಹಳೆಯ ಮೀನನ್ನು. ಮರಿ ಮೂರು ದಿನ ಟ್ಯಾಂಕನ್ನು ಸುತ್ತಿ ಅಡಗುತಾಣಗಳನ್ನು ಕಂಡುಕೊಳ್ಳಲಿ ಎಂದು. ಜೊತೆಗೆ ಒಂದೆರಡು ಬಂಡೆಗಳನ್ನೂ ಸರಿಸುತ್ತೇನೆ, ದೊಡ್ಡದಕ್ಕೆ ತನ್ನ ಗಡಿ ಎಲ್ಲಿತ್ತೆಂಬುದೇ ಗೊಂದಲವಾಗುತ್ತದೆ. ಮತ್ತೆ ಬಿಟ್ಟ ಮೇಲೂ ಪೆಟ್ಟಿಗೆ ಟ್ಯಾಂಕಿನಲ್ಲೇ ತೂಗುತ್ತಿರುತ್ತದೆ. ರಾತ್ರಿ ಎರಡೂ ಒಂದೇ ಮೂಲೆಯಲ್ಲಿ ಒರಗಿ ಮಲಗಿದ್ದು ಕಂಡ ಮೇಲೆಯೇ ಅದನ್ನು ಹೊರತೆಗೆದು ತೊಳೆದಿಡುತ್ತೇನೆ.