ಕ್ರೂಸ್‌ಗೆ ಹೋಗುವವರು ಪೇಸ್ಟು, ಬ್ರಷ್ಷು ಇಲ್ಲಿಂದಲೇ ಇಟ್ಟುಕೊಳ್ಳಿ

ಚಿಕ್ಕಬಳ್ಳಾಪುರದ ಕಡೆಯಿಂದ ಈ ರಜೆಗೆ ಸಿಂಗಪುರದ ಕ್ರೂಸ್, ಅಂದರೆ ಹಡಗಿನ ಪ್ರವಾಸ, ಬುಕ್ ಮಾಡಿರುವವರು ಇದನ್ನೊಮ್ಮೆ ಓದಿ. ಹಡಗಿನಲ್ಲೂ ಲಾಡ್ಜ್ ಥರ ಪುಟ್ಟ ಪುಟ್ಟ ಬಾಟಲಿ ಇಟ್ಟಿರುತ್ತಾರೆ ಅಂದುಕೊಳ್ಳಬೇಡಿ. ಈಗ ಎಷ್ಟೋ ಕಂಪನಿಗಳು ಸಾಮಾನ್ಯ ಕ್ಯಾಬಿನ್‌ಗಳಲ್ಲಿ ಬಚ್ಚಲಿನ ಗೋಡೆಗೆ ಡಿಸ್ಪೆನ್ಸರ್ (ಒತ್ತಿದರೆ ಸುರಿಯುವ ಡಬ್ಬ) ಹಾಕಿ, ಶಾಂಪೂ, ಬಾಡಿ ವಾಶ್ ಎಲ್ಲವನ್ನೂ ಅದರಲ್ಲೇ ಮುಗಿಸುತ್ತವೆ. ಪ್ಲಾಸ್ಟಿಕ್ ಕಡಿಮೆ ಮಾಡೋಕೆ ಅನ್ನುತ್ತಾರೆ, ಅವರ ಖರ್ಚೂ ಉಳಿಯುತ್ತೆ ಅಲ್ವಾ! ಒಳ್ಳೆ ಸಾಮಾನೆಲ್ಲ ಸೂಟ್, ಅಂದರೆ ದುಬಾರಿ ದೊಡ್ಡ ಕೋಣೆ, ತೆಗೆದುಕೊಂಡವರಿಗೆ. ಕಂಡೀಷನರ್, ಟೂತ್‌ಪೇಸ್ಟ್, ಬ್ರಷ್, ರೇಜರ್ ಹೆಚ್ಚಾಗಿ ಇರುವುದೇ ಇಲ್ಲ. ಹಡಗಿನ ಅಂಗಡಿಯಲ್ಲಿ ಸಿಗುತ್ತೆ, ಆದರೆ ರೇಟು ಜಾಸ್ತಿ.

ಸುಮ್ನೆ ಯಾಕೆ, ಬಿ.ಬಿ. ರಸ್ತೆಯಲ್ಲೇ ಒಂದು ಸರ ಶಾಂಪೂ ಸ್ಯಾಷೆ, ಚಿಕ್ಕ ಪೇಸ್ಟು ತೆಗೆದುಕೊಳ್ಳಿ. ಕೈಚೀಲದಲ್ಲಿ 100 ಮಿಲಿಗಿಂತ ದೊಡ್ಡ ಬಾಟಲಿ ಇದ್ದರೆ ದೇವನಹಳ್ಳಿ ಏರ್‌ಪೋರ್ಟ್‌ನಲ್ಲೇ ತೆಗೆಸುತ್ತಾರೆ, ಅದು ಅರ್ಧ ಖಾಲಿಯಾಗಿದ್ದರೂ ಅಷ್ಟೇ, ಹಾಗಾಗಿ ದೊಡ್ಡದೆಲ್ಲ ಚೆಕ್-ಇನ್ ಬ್ಯಾಗಿಗೆ ಹಾಕಿ. ಇಸ್ತ್ರಿ ಪೆಟ್ಟಿಗೆ, ಕೆಟಲ್ ಮಾತ್ರ ಬೇಡ. ಬೆಂಕಿ ಭಯಕ್ಕೆ ಹಡಗು ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ.

ಇನ್ನೊಂದು ವಿಷಯ, ತಲೆಗೆ ದಿನಕ್ಕೆ ಇಷ್ಟು ಅಂತ ಟಿಪ್ಸನ್ನು ಬಿಲ್ಲಿಗೇ ಸೇರಿಸುವ ಕಂಪನಿಗಳಿವೆ. ಟಿಕೆಟ್ ದರದಲ್ಲಿ ಅದು ಸೇರಿದೆಯಾ ಅಂತ ಏಜೆಂಟರ ಹತ್ತಿರ ಬುಕ್ ಮಾಡುವಾಗಲೇ ಕೇಳಿಬಿಡಿ.