ರಾಸ್ ಪ್ರೋಟೀನಿನ ಎರಡು ರೂಪಗಳನ್ನು ಹೋಲಿಸಿ ನೋಡುವ ಬಗೆ

ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲಿ ಜೀವರಸಾಯನಶಾಸ್ತ್ರ ಓದುವ ಅನೇಕರು ಕೋಶಸಂಕೇತದ ಅಧ್ಯಾಯವನ್ನು ಬಾಣಗಳ ಸಾಲಾಗಿ ಬಾಯಿಪಾಠ ಮಾಡುತ್ತಾರೆ: ರಾಸ್‌ನಿಂದ ರಾಫ್, ರಾಫ್‌ನಿಂದ ಮೆಕ್, ಮೆಕ್‌ನಿಂದ ಎರ್ಕ್. ಇವೆಲ್ಲ ಕೋಶದೊಳಗೆ ಸಂಕೇತವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವ ಪ್ರೋಟೀನುಗಳು. ಆ ಮೊದಲ ಬಾಣದೊಳಗೆ ಏನು ನಡೆಯುತ್ತದೆಂಬುದನ್ನು ಕಣ್ಣಾರೆ ನೋಡಲು ಸಾಧಾರಣ ಲ್ಯಾಪ್‌ಟಾಪ್ ಮತ್ತು ಬಿಡುವಿನ ಒಂದು ಮಧ್ಯಾಹ್ನ ಸಾಕು. ರಚನೆಯ ಕಡತಗಳು ಚಿಕ್ಕವು, ಆದ್ದರಿಂದ ಹಾವೇರಿ, ಗದಗ ಕಡೆಯ ಹಳ್ಳಿಗಳಲ್ಲಿ ಮೊಬೈಲ್ ಇಂಟರ್ನೆಟ್ಟನ್ನೇ ನೆಚ್ಚಿಕೊಂಡವರೂ ಅವನ್ನು ಇಳಿಸಿಕೊಳ್ಳಬಹುದು. ಆ ರಚನೆಗಳನ್ನು ತೆರೆಯ ಮೇಲೆ ತೋರಿಸುವ ಕೈಮೆರಾಎಕ್ಸ್ ತಂತ್ರಾಂಶ ಮಾತ್ರ ದೊಡ್ಡದು, ಅದನ್ನು ಕಾಲೇಜಿನ ವೈಫೈ ಸಿಕ್ಕಾಗಲೇ ಹಾಕಿಕೊಳ್ಳಬೇಕು. ವ್ಯಾಸಂಗಕ್ಕಾಗಿ ಬಳಸುವವರಿಗೆ ಅದು ಉಚಿತ.

1971ರಲ್ಲಿ ಆರಂಭವಾದ, ಪ್ರೋಟೀನ್ ರಚನೆಗಳ ಸಂಗ್ರಹವಾದ ಪ್ರೋಟೀನ್ ಡೇಟಾ ಬ್ಯಾಂಕಿನಿಂದ ಎರಡು ರಚನೆಗಳನ್ನು ತೆಗೆದುಕೊಳ್ಳಿ. 4ಕ್ಯೂ21 (4Q21) ಎಂಬುದು ಎರಡು ಫಾಸ್ಫೇಟ್‌ಗಳಿರುವ ಜಿಡಿಪಿ ಎಂಬ ಚಿಕ್ಕ ಅಣುವನ್ನು ಹಿಡಿದುಕೊಂಡು ಸುಮ್ಮನಿರುವ ರಾಸ್. 5ಪಿ21 (5P21) ಎಂಬುದು ಸಂಕೇತ ಕಳಿಸಲು ಸಿದ್ಧವಾಗಿರುವ ರಾಸ್; ಕೋಶದಲ್ಲಿ ಈ ರೂಪ ಮೂರು ಫಾಸ್ಫೇಟ್‌ಗಳಿರುವ ಜಿಟಿಪಿಯನ್ನು ಹಿಡಿದಿರುತ್ತದೆ. ನಿಜವಾದ ಜಿಟಿಪಿಯನ್ನು ರಾಸ್ ತಾನೇ ನಿಧಾನವಾಗಿ ಒಡೆದುಬಿಡುವುದರಿಂದ, ಎರಡನೆಯದರ ಹರಳಿನಲ್ಲಿ ಸುಲಭವಾಗಿ ಒಡೆಯದ ಜಿಟಿಪಿ ಸದೃಶ ಅಣುವನ್ನು ಇರಿಸಲಾಗಿದೆ.

ತೆರೆಯುವ ಮುನ್ನ ರೆಸೊಲ್ಯೂಷನ್, ಅಂದರೆ ರಚನೆ ಎಷ್ಟು ಸ್ಪಷ್ಟವಾಗಿದೆಯೆಂಬ ಅಳತೆ, ನೋಡಿ; ಅಂಕಿ ಚಿಕ್ಕದಾದಷ್ಟೂ ಸ್ಪಷ್ಟತೆ ಹೆಚ್ಚು. 5ಪಿ21ರದು 1.35 ಆಂಗ್‌ಸ್ಟ್ರಂ, 4ಕ್ಯೂ21ರದು 2.0, ಎರಡೂ ನಂಬತಕ್ಕವು. ನಾನು ವಿದ್ಯಾರ್ಥಿಯಾಗಿದ್ದಾಗ ಈ ಸಂಖ್ಯೆಯನ್ನು ಗಮನಿಸದೆ, ಬೇರೊಂದು ಪ್ರೋಟೀನಿನ 3.5 ಆಂಗ್‌ಸ್ಟ್ರಂ ರಚನೆಯಲ್ಲಿ ಒಂದು ಪಾರ್ಶ್ವ ಸರಪಳಿ ತಿರುಗಿದ ದಿಕ್ಕಿನ ಮೇಲೆ ವಾರಗಟ್ಟಲೆ ವಾದ ಕಟ್ಟಿದ್ದೆ. ಅಷ್ಟು ಮಸುಕಾದ ದತ್ತಾಂಶದಲ್ಲಿ ಆ ದಿಕ್ಕು ಬಹುಪಾಲು ಊಹೆಯೇ ಆಗಿರುತ್ತದೆ. ಜೊತೆಗೇ ಇರುವ ಪರಿಶೀಲನಾ ವರದಿಯಲ್ಲಿ ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದೆಂದು ತೋರಿಸುವ ರಾಮಚಂದ್ರನ್ ನಕ್ಷೆಯ ಒಪ್ಪಿತ ವಲಯದ ಹೊರಗೆ ಬಿದ್ದ ಅಮೈನೋ ಆಮ್ಲಗಳೆಷ್ಟೆಂದು ನೋಡುವುದೂ ಅಗತ್ಯ. ಮದ್ರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಆ ನಕ್ಷೆಯಿಂದಲೇ ಇಂದಿಗೂ ಜಗತ್ತಿನೆಲ್ಲೆಡೆ ರಚನೆಗಳ ಗುಣವನ್ನು ಅಳೆಯುತ್ತಾರೆ.

ಈಗ ಎರಡನ್ನೂ ಕೈಮೆರಾಎಕ್ಸ್‌ನಲ್ಲಿ ತೆರೆದು, ಅದರ ಮ್ಯಾಚ್‌ಮೇಕರ್ ಸಾಧನದಿಂದ ಒಂದರ ಮೇಲೊಂದು ಕೂರಿಸಿ. ತಂತ್ರಾಂಶ ಎರಡು ಆರ್‌ಎಂಎಸ್‌ಡಿ (ಜೋಡಿ ಪರಮಾಣುಗಳ ನಡುವಿನ ಒಂದು ಬಗೆಯ ಸರಾಸರಿ ದೂರ) ಅಂಕಿಗಳನ್ನು ಕೊಡುತ್ತದೆ: ಒಂದು ಚೆನ್ನಾಗಿ ಹೊಂದಿಕೊಂಡ ಪರಮಾಣು ಜೋಡಿಗಳದ್ದು, ಇನ್ನೊಂದು ಎಲ್ಲ ಜೋಡಿಗಳದ್ದು. ಹೆಚ್ಚಿನವರು ಮೊದಲನೆಯದನ್ನಷ್ಟೇ ಬರೆದುಕೊಂಡು ಮುಂದೆ ಹೋಗುತ್ತಾರೆ, ಆದರೆ ನಮಗೆ ಬೇಕಾದ ಸಂಗತಿ ಇರುವುದು ಆ ಎರಡು ಅಂಕಿಗಳ ನಡುವಿನ ಅಂತರದಲ್ಲಿ. ಪ್ರೋಟೀನಿನ ಬಹುಭಾಗ ಅಲುಗಾಡದೆ ಉಳಿದು, ಎರಡು ಕಡೆ ಮಾತ್ರ ಸರಿದಿದೆಯೆಂದು ಅದು ಹೇಳುತ್ತದೆ. ಸುಮಾರು 30ರಿಂದ 38 ಹಾಗೂ 60ರಿಂದ 76ರವರೆಗಿನ ಅಮೈನೋ ಆಮ್ಲಗಳಿಗೆ ಬೇರೆ ಬಣ್ಣ ಹಚ್ಚಿ; ಸ್ವಿಚ್ ಒಂದು, ಸ್ವಿಚ್ ಎರಡು ಎಂದು ಕರೆಯುವುದು ಇವನ್ನೇ.

ಇನ್ನು 35ನೆಯ ಥ್ರಿಯೋನಿನ್ ಮೇಲೆ ಸಾವಕಾಶವಾಗಿ ನಿಲ್ಲಿ. 5ಪಿ21ರಲ್ಲಿ ಅದರ ಹೈಡ್ರಾಕ್ಸಿಲ್ ಆಮ್ಲಜನಕದಿಂದ ಫಾಸ್ಫೇಟ್‌ಗಳ ಪಕ್ಕದಲ್ಲಿರುವ ಮೆಗ್ನೀಸಿಯಂ ಅಯಾನಿಗೆ ದೂರ ಅಳೆದರೆ ಸುಮಾರು 2 ಆಂಗ್‌ಸ್ಟ್ರಂ ಬರುತ್ತದೆ, ಅಂದರೆ ನೇರ ಹಿಡಿತ. 4ಕ್ಯೂ21ರಲ್ಲಿ ಅದೇ ಥ್ರಿಯೋನಿನ್ ಹೊರಮುಖವಾಗಿ ತಿರುಗಿಕೊಂಡಿದೆ. ಜಿಟಿಪಿಯ ಕೊನೆಯ ಒಂದು ಫಾಸ್ಫೇಟ್ ಹೋದದ್ದೇ ತಡ, ಮಗ್ಗದಲ್ಲಿ ಎಳೆ ಕಡಿದಂತೆ ಆ ಭಾಗದ ಬಿಗಿ ಸಡಿಲಾಗುತ್ತದೆ. ರಾಫ್ ಬಂದು ಕೂರುವುದು ಈ ಮೇಲ್ಮೈಯ ಮೇಲೆಯೇ ಆದ್ದರಿಂದ ಸಂಕೇತವೂ ಅಲ್ಲಿಗೇ ನಿಲ್ಲುತ್ತದೆ. ಈ ಸಣ್ಣ ಚಲನೆಯನ್ನು ಮೊದಲ ಬಾರಿ ತೆರೆಯ ಮೇಲೆ ಕಂಡಾಗ ನನಗಾದ ಬೆರಗು ಇನ್ನೂ ಆರಿಲ್ಲ.

ಹರಳಿನಲ್ಲಿ ನೆರೆಯ ಅಣುಗಳು ಒತ್ತಿ ಹಿಡಿದಿರುವ ಸಂಭವವಿರುವುದರಿಂದ, ಸ್ವಿಚ್ ಎರಡರ ಬಿ-ಅಂಶವನ್ನು (ಪರಮಾಣುಗಳ ಅಲುಗಾಟದ ಅಳತೆ) ನೋಡದೆ ಅದರ ಆಕಾರದ ಬಗ್ಗೆ ತೀರ್ಮಾನಕ್ಕೆ ಬರಬೇಡಿ. ಕಂಪ್ಯೂಟರ್ ಊಹಿಸಿದ ರಚನೆಗಳಿರುವ ಆಲ್ಫಾಫೋಲ್ಡ್ ದತ್ತಸಂಗ್ರಹದ ಮಾದರಿಯನ್ನು ಈ ಕೆಲಸಕ್ಕೆ ಬಳಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅದರಲ್ಲಿ ಜಿಟಿಪಿಯಾಗಲಿ ಜಿಡಿಪಿಯಾಗಲಿ ಇರುವುದಿಲ್ಲ. ನಾವು ಹುಡುಕುತ್ತಿರುವ ವ್ಯತ್ಯಾಸವೋ ಅವುಗಳಿಂದಲೇ ಹುಟ್ಟುವಂಥದ್ದು.

ಇಷ್ಟು ಕೈಗೆ ಹತ್ತಿದ ಮೇಲೆ 6ಓಐಎಂ (6OIM) ತೆರೆಯಿರಿ. ಅದು 12ನೆಯ ಗ್ಲೈಸಿನ್ ಜಾಗದಲ್ಲಿ ಸಿಸ್ಟೀನ್ ಬಂದಿರುವ, ರಾಸ್ ಕುಟುಂಬದ ಕೆ-ರಾಸ್ ಪ್ರೋಟೀನ್. 2021ರಲ್ಲಿ ಅಮೆರಿಕದಲ್ಲಿ ಮಂಜೂರಾದ ಸೊಟೊರಾಸಿಬ್ ಎಂಬ ಕ್ಯಾನ್ಸರ್ ಔಷಧ ಆ ಸಿಸ್ಟೀನಿಗೇ ಬೆಸೆದುಕೊಂಡಿದೆ. ಅದನ್ನು 4ಕ್ಯೂ21ರ ಮೇಲೆ ಕೂರಿಸಿ, ಔಷಧ ಸ್ವಿಚ್ ಎರಡರ ಅಡಿಯಲ್ಲಿ ಯಾವ ಸಂದಿಯೊಳಗೆ ಹೊಕ್ಕಿದೆ, ಆ ಸಂದಿ 4ಕ್ಯೂ21ರಲ್ಲಿ ಎಷ್ಟು ಮುಚ್ಚಿಕೊಂಡಿದೆ ಎಂಬುದನ್ನು ಅಳೆದು ವಹಿಯಲ್ಲಿ ಬರೆದಿಡಿ.